ಅಣ್ಣ ಅಚ್ಚು ಹಾಕಿಸಿದ ಪ್ರಬಂಧ

ಸೌದಿಯ ದಮ್ಮಾಮಿನಿಂದ ರಜೆಗೆ ಬಂದ ನೌಫಲ್ ಅತ್ತರು, ಕಂಬಳಿ, ಬಾದಾಮಿಗಳನ್ನೆಲ್ಲ ಸೂಟ್‌ಕೇಸಿನಲ್ಲೇ ಬಿಟ್ಟು, ಮೊದಲು ಹೊರತೆಗೆದದ್ದು ನುಣುಪು ಕಾಗದದಲ್ಲಿ ಬಣ್ಣಬಣ್ಣವಾಗಿ ಅಚ್ಚಾದ ಒಂದು ಪುಸ್ತಕವನ್ನು. ಮುಖಪುಟದಲ್ಲಿ ಭೂಗೋಳದ ಚಿತ್ರ, ಅದರ ಮೇಲೆ ದಪ್ಪಕ್ಷರದಲ್ಲಿ ‘ಅಂತರರಾಷ್ಟ್ರೀಯ ಜರ್ನಲ್’. ಒಳಗೆ ತಂಗಿ ರಶೀನಾಳ ಸಂಶೋಧನಾ ಪ್ರಬಂಧ.

“ನಿನ್ನ ಜರ್ನಲಿನವರು ಅದು ಸರಿ ಮಾಡಿ, ಇದು ಸರಿ ಮಾಡಿ ಅಂತ ಎರಡು ವರ್ಷದಿಂದ ಆಟ ಆಡಿಸ್ತಿದ್ದಾರಲ್ಲ,” ಎಂದ. “ಇವರು ಒಂದು ಪ್ರಶ್ನೆ ಕೇಳ್ಲಿಲ್ಲ. ದುಡ್ಡು ಕಟ್ಟಿದೆ, ವಾರದಲ್ಲಿ ಬಂತು.”

ರಶೀನಾ ಗಡಬಡಿಸಿ ಪುಟ ತಿರುವಿದಳು. ಫರಂಗಿಪೇಟೆಯ ಕೆಳಗೆ ನೇತ್ರಾವತಿಯಲ್ಲಿ ಮರಳು ತೆಗೆದ ಕಡೆಯೆಲ್ಲ ಮರುವಾಯಿ ಎಂಬ ಚಿಪ್ಪುಜೀವಿ ಹೇಗೆ ನಾಶವಾಗುತ್ತಿದೆ ಎಂದು, ಸೊಂಟಮಟ್ಟ ನೀರಿನಲ್ಲಿ ನಿಂತು, ದೋಣಿಯವರ ಬೈಗುಳ ತಿಂದು ಬರೆದ ಪ್ರಬಂಧ ಅದು. ಒಳ್ಳೆಯ ಜರ್ನಲೊಂದು ಅದನ್ನು ತಿಕ್ಕಿ ತೀಡಿ ನೋಡಿ, ಕೊನೆಗೆ ಮುಂದಿನ ಸಂಚಿಕೆಗೆ ತೆಗೆದುಕೊಂಡಿತ್ತು. ಅಲ್ಲಿ ಬಂದರೆ ಪಿಎಚ್.ಡಿ. ಬಹುಪಾಲು ಮುಗಿದ ಹಾಗೆ. ಆದರೆ ಒಂದೇ ಪ್ರಬಂಧ ಎರಡು ಕಡೆ ಬಂದರೆ ಆ ಲೋಕದಲ್ಲಿ ಅದಕ್ಕೆ ಮೋಸ ಎಂದೇ ಹೆಸರು.

ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಚಂದ ಮಾಡಿಕೊಡು ಎಂದು ಅಣ್ಣನಿಗೆ ಪ್ರಬಂಧ ಕಳಿಸಿದ್ದು ಅವಳೇ. ಅವನು ಅವಳ ಹೆಸರಿನಲ್ಲಿ ಇಮೇಲ್ ತೆರೆದು, ಅವಳ ಸಹಿಯನ್ನೂ ತಾನೇ ಹಾಕಿ, ಏಜೆಂಟನ ಕೈಯಲ್ಲಿ ವೀಸಾ ಮಾಡಿಸಿದಷ್ಟೇ ಸಲೀಸಾಗಿ ಕೆಲಸ ಮುಗಿಸಿದ್ದ. ಪುಣ್ಯಾತ್ಮನ ಪ್ರೀತಿ ಅವನ ಬುದ್ಧಿಯನ್ನು ನುಂಗಿ ನೀರು ಕುಡಿದಿತ್ತು.

ಮಗನ ಮಾತು ಕೇಳಿದ ಉಮ್ಮ ಜುಲೈಕಾ ಆಗಲೇ ನೆರೆಮನೆಗೆ ಸುದ್ದಿ ಹೇಳಲು ಹೊರಟಿದ್ದರು. ತನ್ನ ಓದನ್ನು ಪಿಯುಸಿಗೇ ಬಿಟ್ಟು ತಂಗಿಯನ್ನು ಓದಿಸಿದವನ ಮುಖ ನೋಡಿ ರಶೀನಾಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ.

“ಚಂದ ಉಂಟು ಕಾಕ,” ಎಂದಳು ಅಣ್ಣನಿಗೆ.

ಮರುದಿನ ಮೂಡಬಿದಿರೆಗೆ ಹೋದವಳೇ ತನ್ನ ಮಾರ್ಗದರ್ಶಕಿ ವಿನೋದಾ ಮೇಡಮ್ಮಿನ ಎದುರು ನಿಂತಳು. ಅವಳು ಅತಿಥಿ ಉಪನ್ಯಾಸಕಿಯಾಗಿದ್ದ ಕಾಲೇಜಿನಲ್ಲೇ ಮೇಡಂ ವಿಭಾಗದ ಮುಖ್ಯಸ್ಥೆ. ಕಾಪಿ ಹೊಡೆದವರನ್ನು ಹೆಸರು ಹಿಡಿದು ಮಾನ ಕಳೆಯುವುದರಲ್ಲಿ ಅವರು ಎತ್ತಿದ ಕೈ. ನಡೆದದ್ದನ್ನೆಲ್ಲ ರಶೀನಾ ಒಂದೂ ಬಿಡದೆ ಹೇಳಿದಳು.

“ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಒಬ್ಬ ಅಣ್ಣ ಇರ್ತಾನೆ,” ಎಂದರು ಮೇಡಂ. “ಅದರಲ್ಲಿ ನನ್ನ ಹೆಸರೂ ಉಂಟಲ್ಲ ರಶೀನಾ. ನಾನು ಯಾರಿಗೆ ಮುಖ ತೋರಿಸುವುದು?”

ಅವಳೆದುರೇ ಒಳ್ಳೆಯ ಜರ್ನಲಿಗೆ ಇಮೇಲ್ ಹೋಯಿತು: ವಿದ್ಯಾರ್ಥಿನಿ ನನಗೆ ತಿಳಿಯದಂತೆ ಮೋಸ ಮಾಡಿದ್ದಾಳೆ, ಪ್ರಬಂಧ ಕೈಬಿಡಿ. ಇನ್ನು ಮುಂದೆ ತಾನು ಅವಳ ಮಾರ್ಗದರ್ಶಕಿಯಲ್ಲ ಎಂದೂ ಮೇಡಂ ಹೇಳಿದರು. ಅವಳು ಅತ್ತಳು. ಅಳುವುದಾದರೆ ಹೊರಗೆ ಹೋಗಿ ಎಂದರು, ಒಮ್ಮೆಲೇ ಬಹುವಚನಕ್ಕೆ ತಿರುಗಿ.

ಇಷ್ಟರಲ್ಲಿ ನೌಫಲ್ ಸುಮ್ಮನೆ ಕೂತಿರಲಿಲ್ಲ. ಒಂದು ಪ್ರತಿಯನ್ನು ಪ್ರಿನ್ಸಿಪಾಲರಿಗೂ ಮುಟ್ಟಿಸಿದ್ದ. ಕಾಲೇಜಿಗೆ ತಪಾಸಣಾ ತಂಡ ಬರುವುದಿತ್ತು. ‘ಅಂತರರಾಷ್ಟ್ರೀಯ’ ಎಂಬ ಪದ ಕಂಡದ್ದೇ ಪ್ರಿನ್ಸಿಪಾಲರು ಸನ್ಮಾನ ಇಟ್ಟುಕೊಂಡರು. ಮೇಡಂ ವಿಷಯ ತಿಳಿಸಿದಾಗ, “ತಂಡ ಹೋಗುವ ತನಕ ಬಾಯಿ ಬಿಡುವುದು ಬೇಡ,” ಎಂದರು. ಶಿಸ್ತಿನ ಮೇಡಂ ಅದಕ್ಕೆ ತಲೆಯಾಡಿಸಿದರು. ಥೂ, ಆ ಶಿಸ್ತಿಗಿಷ್ಟು.

ಸಭೆಯ ದಿನ ಶಾಲು ಹೊದಿಸಲು ಪ್ರಿನ್ಸಿಪಾಲರು ಅಣ್ಣನನ್ನೇ ವೇದಿಕೆಗೆ ಕರೆದರು. ಹೊದಿಸಿದವನು ಯಾರೂ ಹೇಳದೆ ಮೈಕ್ ಹಿಡಿದ.

“ಇವಳಿಗೆ ಇದು ಗೊತ್ತೇ ಇರ್ಲಿಲ್ಲ. ಸಹಿ ಸಮೇತ ನಾನೇ ಹಾಕಿ ಕಳಿಸಿದ್ದು. ಪಾಪ, ಎರಡು ವರ್ಷ ಕಾದಿದ್ದಾಳೆ, ಇನ್ನು ಎಷ್ಟು ಕಾಯುವುದು ಹೇಳಿ?”

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಎದುರು ಸಾಲಿನಲ್ಲಿದ್ದ ವಿನೋದಾ ಮೇಡಂ ತಲೆ ತಗ್ಗಿಸಿದ್ದನ್ನು ರಶೀನಾ ನೋಡಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಹೋದ ಜೀವ ಬಂದಂತಾಯಿತು. ಸಭೆ ಮುಗಿದದ್ದೇ ಶಾಲು ಹೊದ್ದಂತೆಯೇ ಅವರ ಹತ್ತಿರ ಓಡಿದಳು.

“ಮೇಡಂ, ನೀವೇ ಕೇಳಿದಿರಲ್ಲ. ನೀವು ಒಂದು ಮಾತು ಬರೆದರೆ ಜರ್ನಲಿನವರು ಕೇಳಬಹುದು.”

ಮೇಡಂ ಆಚೀಚೆ ನೋಡಿ ಸ್ವರ ತಗ್ಗಿಸಿದರು. “ನೀನು ಸುಳ್ಳು ಹೇಳ್ಲಿಲ್ಲ ಅಂತ ಈಗ ಗೊತ್ತಾಯ್ತು. ಆದರೆ ಕಳಿಸಿ ಆಯ್ತಲ್ಲ. ವಿಚಾರಿಸದೆ ಬರೆದೆ ಅಂತ ನಾನೇ ಬರೆದರೆ ಮತ್ತೆ ನನ್ನ ಮಾತಿಗೆ ಬೆಲೆ ಉಂಟಾ? ನೀನು ಸಣ್ಣವಳು. ಬೇರೆ ಯಾರನ್ನಾದರೂ ನೋಡು, ಬೇರೆ ವಿಷಯ ಹಿಡಿ.”

ಅಷ್ಟರಲ್ಲಿ ನೌಫಲ್ ಕ್ಯಾಮರಾ ಹಿಡಿದು ಬಂದ. ಗುರು ಶಿಷ್ಯೆ ಒಟ್ಟಿಗೆ ಒಂದು ಫೋಟೋ ಬೇಕಂತೆ. ಮೇಡಂ ರಶೀನಾಳ ಹೆಗಲ ಮೇಲೆ ಕೈಯಿಟ್ಟು ನಕ್ಕರು.

“ಸ್ವಲ್ಪ ನಗು ರಶೀನಾ. ಮುಂದಿನದ್ದೂ ನಾನೇ ಹಾಕಿಸ್ತೇನೆ,” ಎಂದ ನೌಫಲ್.

ರಶೀನಾಳ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನು ಮೇಡಮ್ಮಿನ ಮೇಲೆ ಕಾರುವ ಧೈರ್ಯ ಅವಳಿಗಿರಲಿಲ್ಲ. ಎದುರಿಗೆ ಅಣ್ಣ ಇದ್ದ.

“ಮುಂದಿನದ್ದು ಇಲ್ಲ ಕಾಕ,” ಎಂದಳು ಬ್ಯಾರಿ ಭಾಷೆಯಲ್ಲಿ. “ನೀನು ಹಾಕಿಸಿದ್ದು ಕಳ್ಳ ಜರ್ನಲು. ಅದರಿಂದ ನನ್ನ ಪಿಎಚ್.ಡಿ. ಹೋಯಿತು. ನನ್ನನ್ನು ಓದಿಸಿದ್ದೂ ನೀನೇ, ಹಾಳು ಮಾಡಿದ್ದೂ ನೀನೇ. ಇನ್ನು ಯಾವತ್ತೂ ನನಗೆ ಒಳ್ಳೆಯದು ಮಾಡಲು ಬರಬೇಡ.”

ನೌಫಲನ ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಕ್ಯಾಮರಾವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ವಿನೋದಾ ಮೇಡಮ್ಮಿಗೆ ಎರಡೂ ಕೈ ಮುಗಿದು, ಇದನ್ನು ಸರಿ ಮಾಡಿಸಲು ಎಷ್ಟು ಕೊಡಬೇಕಾಗುತ್ತದೆ ಎಂದು ಕೇಳಿದ.