ಸೊನ್ನೆ ಒತ್ತದ ತೂಕ

ಹೊಸ ಕಾರು ಮನೆಗೆ ಬಂದು ಹತ್ತು ದಿನವಾಗಿರಲಿಲ್ಲ, ಆಗಲೇ ಅದರಲ್ಲಿ ಏನೇನು ಸಾಲದು ಎಂದು ಹುಡುಕಲು ಗಂಡ ತನ್ನ ಸ್ನೇಹಿತನನ್ನು ಕರೆದುಕೊಂಡು ಬಂದ. ಕಾರೆಂದರೆ ದೊಡ್ಡದೇನಲ್ಲ. ಷೋರೂಮಿನಲ್ಲಿ ಎಲ್ಲಕ್ಕಿಂತ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದ, ಎಲ್ಲಕ್ಕಿಂತ ಅಗ್ಗದ, ಕಡಿಮೆ ಪೆಟ್ರೋಲು ಕುಡಿಯುವ ಪುಟ್ಟ ಕಾರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಅದನ್ನು ಓಟದ ಕಾರು ಮಾಡಬೇಕಿತ್ತು.

ಸ್ನೇಹಿತನನ್ನು ಎಲ್ಲರೂ ಟರ್ಬೊ ಅನ್ನುತ್ತಿದ್ದರು. ಕಾರುಗಳನ್ನು ಚುರುಕು ಮಾಡಿಕೊಡುವ ಅಂಗಡಿ ಇಟ್ಟಿದ್ದ. ತಿಂಗಳಿಗೊಮ್ಮೆ ಊರಾಚೆಯ ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ ಸಣ್ಣ ಕಾರುಗಳ ಓಟ ನಡೆಯುತ್ತಿತ್ತು. ಅಲ್ಲಿ ಟರ್ಬೊ ಅಂಗಡಿಯ ಹೆಸರು ಅಂಟಿಸಿಕೊಂಡು ಓಡಿದವನಿಗೆ ಆ ಬಳಗದಲ್ಲಿ ಭಾರೀ ಮರ್ಯಾದೆ. ಗಂಡ ಔಷಧಿಗಳ ಸಗಟು ಮಳಿಗೆಯಲ್ಲಿ ಪೆಟ್ಟಿಗೆಗಳನ್ನು ಇಳಿಸಿ ಜೋಡಿಸುವವನು. ಹದಿನೈದು ವರ್ಷಗಳಲ್ಲಿ ಅಲ್ಲಿ ಒಬ್ಬರೂ ಅವನನ್ನು ತಲೆಯೆತ್ತಿ ನೋಡಿದ್ದಿಲ್ಲ. ಟರ್ಬೊ ನೋಡಿದ್ದ, ಅಷ್ಟೇ ಸಾಕಾಗಿತ್ತು.

"ಮೊದ್ಲು ಸೈಲೆನ್ಸರ್ ಬದಲಾಯ್ಸೋಣ್ವಾ? ಇಲ್ಲಾ ಏರ್ ಫಿಲ್ಟರಾ?" ಊಟದ ಮೇಜಿನ ಮೇಲೆ ಬಿಡಿಭಾಗಗಳ ಪುಸ್ತಕ ಹರಡಿಕೊಂಡು ಗಂಡ ಕೇಳಿದ.

"ಸೈಲೆನ್ಸರ್ ಬರೀ ಸದ್ದು ಗುರೂ. ಫಿಲ್ಟರ್ ಹಾಕಿದ್ರೆ ಲಾಭ ಅಂಗಡಿಯವನಿಗೆ, ನಿಂಗಲ್ಲ. ಇಂಜಿನ್ ಮುಟ್ಟಿದ್ಯೋ, ವಾರಂಟಿ ಹೋಯ್ತು."

"ಸ್ಪ್ರಿಂಗ್ ತಗ್ಗಿಸಿದ್ರೆ?"

"ತಗ್ಗಿಸ್ಕೊಂಡು ಎಲ್ಲಿಗೆ ಹೋಗ್ತೀಯ? ನಿಮ್ಮ ಬೀದಿಯ ರೋಡ್ ಹಂಪೇ ದಾಟಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಟೈರು, ಬ್ರೇಕು ಒಳ್ಳೇದು ಹಾಕ್ಸಿ. ಓಡೋಕೆ ಮುಂಚೆ ನಿಲ್ಲೋಕೆ ಬರ್ಬೇಕಲ್ಲ" ಅಂದಳು. ಆ ಸಂಜೆ ಆ ಮನೆಯಲ್ಲಿ ಆಡಿದ ಒಂದೇ ಒಂದು ಬುದ್ಧಿಯ ಮಾತು ಅದು. ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಟರ್ಬೊ ಪುಸ್ತಕ ಮುಚ್ಚಿದ. "ಮೊದಲನೇ ಮಾಡಿಫಿಕೇಶನ್ ಅಂದ್ರೆ ಸೇರ್ಸೋದಲ್ಲ, ಕಳಚೋದು. ತೂಕ ಇಳ್ಸು. ಕಾರು, ಡ್ರೈವರು ಎರಡೂ ಸೇರಿ ಏಳ್ನೂರ ನಲವತ್ತು ಕೇಜಿ. ಅದಕ್ಕಿಂತ ಜಾಸ್ತಿ ಇದ್ರೆ ನನ್ನ ಅಂಗಡಿ ಹೆಸರು ಕೇಳ್ಬೇಡ."

"ತೂಗೋದೆಲ್ಲಿ?"

"ಅತ್ತಿಗೆ ಇರುವಾಗ ಅದೂ ಒಂದು ಪ್ರಶ್ನೆನಾ?"

ಹೆಂಡತಿಗೆ ಗುಜರಿ ಗೋದಾಮಿನಲ್ಲಿ ಕೆಲಸ. ಹಳೇ ಕಬ್ಬಿಣ ಹೊತ್ತು ಬರುವ ಲಾರಿಗಳನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ, ಪಕ್ಕದ ಗಾಜಿನ ಗೂಡಿನಲ್ಲಿ ಕೂತು ತೂಕದ ಚೀಟಿ ಒತ್ತಿಕೊಡುವವಳು ಅವಳು. ಒಂದು ಗಾಡಿ ಇಳಿದು ಇನ್ನೊಂದು ಹತ್ತುವ ಮುಂಚೆ ಸೊನ್ನೆ ಗುಂಡಿ ಒತ್ತಬೇಕು. ಇಲ್ಲದಿದ್ದರೆ ಹಿಂದಿನ ಲಾರಿಯ ಚಕ್ರ ಉದುರಿಸಿ ಹೋದ ಕೆಸರೆಲ್ಲ ಮುಂದಿನವನ ಲೆಕ್ಕಕ್ಕೆ ಬರುತ್ತದೆ. ಹನ್ನೆರಡು ವರ್ಷಗಳಲ್ಲಿ ಅವಳು ಒಂದು ಸಲವೂ ಮರೆತಿರಲಿಲ್ಲ. ಎಷ್ಟೋ ಡ್ರೈವರುಗಳು ಹಲ್ಲು ಗಿಂಜಿದ್ದರು, ಬೆದರಿಸಿದ್ದರು. ಅವಳ ಚೀಟಿಯಲ್ಲಿ ಹತ್ತು ಕಿಲೋ ಆಚೀಚೆ ಆದದ್ದಿಲ್ಲ. ಹತ್ತಕ್ಕಿಂತ ಕಡಿಮೆಯ ಮಾತು ಆ ಯಂತ್ರಕ್ಕೆ ಕೇಳಿಸುವುದೂ ಇಲ್ಲ.

ಆ ಗೋದಾಮಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವಳ ಎಡ ಮಂಡಿ ಪ್ರಾಣ ಹಿಂಡುತ್ತಿತ್ತು. ಕಾರು ತೆಗೆದುಕೊಳ್ಳೋಣ ಎಂದು ಅವನು ಹೇಳಿದಾಗ ಅವಳು ತಲೆಯಾಡಿಸಿದ್ದು ಒಂದೇ ಕಾರಣಕ್ಕೆ. "ಮುಂದಿನ ಸೀಟು ನಿಂದೇ. ದಿನಾ ನಾನೇ ಬಿಟ್ಟು ಬರ್ತೀನಿ" ಎಂದು ಅವನು ಮಾತು ಕೊಟ್ಟಿದ್ದ. ಒಂಬತ್ತು ದಿನ ಬಿಟ್ಟೂ ಬಂದ. ಆ ಒಂಬತ್ತು ದಿನ ಅವಳು ಕಾಲು ಚಾಚಿಕೊಂಡು, ಬಸ್ ಸ್ಟಾಪಿನಲ್ಲಿ ನಿಂತವರನ್ನು ಕಿಟಕಿಯಿಂದ ನೋಡುತ್ತ ಕೆಲಸಕ್ಕೆ ಹೋದಳು. ಮದುವೆಯಾದ ಮೇಲೆ ಅವಳಿಗೆ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ.

ಹತ್ತನೇ ಬೆಳಿಗ್ಗೆ ಕಾರು ಅವಳನ್ನು ಕೂರಿಸಿಕೊಂಡೇ ವೇಬ್ರಿಡ್ಜ್ ಹತ್ತಿತು. ಹಿಂದೆ ಬೈಕಿನಲ್ಲಿ ಟರ್ಬೊ ಬಂದಿದ್ದ. ಗೂಡಿನಲ್ಲಿ ಗೋದಾಮಿನ ಮೇಸ್ತ್ರಿ ಕೂತಿದ್ದ; ಗಾಜಿಗೆ ಬಾಯಿಟ್ಟು "ಒಂಬೈನೂರ ಹತ್ತು!" ಎಂದು ಕೂಗಿದ.

"ಈಗ ನೀನು ಇಳಿ" ಅಂದ ಗಂಡ.

ಅವಳು ಇಳಿದಳು. ಗೂಡಿನ ಪಕ್ಕದ ಬೋರ್ಡಿನ ಕೆಂಪು ಅಂಕಿ ಎಂಟುನೂರ ಇಪ್ಪತ್ತಕ್ಕೆ ಬಿತ್ತು.

"ನೋಡಿದ್ರಾ!" ಗಂಡ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಅಲ್ಲಿ ಕಬ್ಬಿಣ ಬೇರ್ಪಡಿಸುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದ. "ಒಂದು ಸ್ಪ್ಯಾನರ್ ಹಿಡಿದಿಲ್ಲ, ಒಂದು ಬೋಲ್ಟ್ ಬಿಚ್ಚಿಲ್ಲ. ತೊಂಬತ್ತು ಕೇಜಿ ಉಳೀತು!"

"ಸ್ಟೆಪ್ನಿ ಇಳಿಸಿದ್ರೆ ಅಷ್ಟೂ ಉಳಿಯಲ್ವಾ ಗುರೂ?" ಅಂದ ಟರ್ಬೊ.

ಕೆಲಸದವರು ನಕ್ಕರು. ಮೇಸ್ತ್ರಿಯೂ ನಕ್ಕ. ಅವರೆಲ್ಲ ಹನ್ನೆರಡು ವರ್ಷದಿಂದ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದವರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಂಡ. ಅವಳಿಗೆ ನೆಲ ಬಿರಿದು ಒಳಗೆ ಹೋಗಿಬಿಡಬೇಕು ಅನ್ನಿಸಿತು. ಏನೂ ಆಗದವಳಂತೆ ಗೂಡಿಗೆ ಹೋಗಿ ಸೊನ್ನೆ ಒತ್ತಿ ಮುಂದಿನ ಲಾರಿಗೆ ಕೈ ಮಾಡಿದಳು. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಸ್ಟೆಪ್ನಿ. "ಸ್ಟೆಪ್ನಿ, ಟೀ." "ಸ್ಟೆಪ್ನಿ, ನನ್ನ ಅಂಗಿ ಎಲ್ಲಿ?" ಅವಳು ಕೂತಾಗಿನದು, ಇಳಿದಾಗಿನದು, ಎರಡು ತೂಕದ ಚೀಟಿಗಳನ್ನೂ ಅವನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಅವನ್ನು ನೋಡದೆ ಅವಳು ಹಾಲು ತೆಗೆಯುವ ಹಾಗಿರಲಿಲ್ಲ.

ಕಳಚುವ ಕೆಲಸ ಶುರುವಾಯಿತು. ನಿಜವಾದ ಸ್ಟೆಪ್ನಿ, ಜಾಕು, ಹಿಂದಿನ ಸೀಟು, ನೆಲಹಾಸು, ಅದರಡಿಯ ಸದ್ದು ತಡೆಯುವ ದಪ್ಪ ಬಟ್ಟೆ ಎಲ್ಲ ಹೊರಗೆ ಬಂದವು. ತೂಗಿದಾಗ ಏಳುನೂರ ಎಪ್ಪತ್ತು. ಅವನು ಮನೆಗೆ ಬಂದು ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಎಡಗಡೆಯ ಬಾಗಿಲು ತೆಗೆದು ಅವಳ ಸೀಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

"ರೀ, ಅದೊಂದು ಬಿಡಿ. ನನ್ನ ಮಂಡಿ..."

"ಹದಿನೈದು ಕೇಜಿ ಕಣೇ ಇದು. ನಿನ್ನ ಮಂಡಿಗೋಸ್ಕರ ನಾನು ಹದಿನೈದು ಕೇಜಿ ಹೊತ್ಕೊಂಡು ಓಡ್ಲಾ? ನೀನು ಇಳಿದ್ರೆ ಮಂಡಿಗೂ ಒಳ್ಳೇದು, ನಡಿ."

ಸೀಟು ಮೆಟ್ಟಿಲ ಕೆಳಗೆ ಹೋಯಿತು. ಅವಳು ಮತ್ತೆ ಬಸ್ಸಿಗೆ ಬಂದಳು. ಕಾರಿಗೆ ಹಗುರ ಚಕ್ರಗಳು, ಅಂಗೈಯಗಲದ ಬ್ಯಾಟರಿ ಬಂದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಮುಂದಿನ ಸಲ ಅವನು ತೂಗಿಸಲು ಬಂದದ್ದು ಜಡಿಮಳೆಯ ಸಂಜೆ. ಅವನ ಮುಂದಿದ್ದ ಲಾರಿ ಕೆಸರಲ್ಲಿ ಮಿಂದು ಬಂದಿತ್ತು. ಅದು ಇಳಿಯುತ್ತಿದ್ದ ಹಾಗೇ ಇವನು ಹಾರ್ನ್ ಬಾರಿಸುತ್ತ ಹತ್ತಿಸಿದ, ಅವಳು ಗಡಿಬಿಡಿಯಲ್ಲಿ ಚೀಟಿ ಒತ್ತಿಕೊಟ್ಟಳು. ಏಳುನೂರ ಅರವತ್ತು.

"ಬರೀ ಹತ್ತಾ? ಸೀಟು, ಚಕ್ರ, ಬ್ಯಾಟರಿ, ಎಲ್ಲಾ ಸೇರಿ ಬರೀ ಹತ್ತಾ?" ಅವನ ಮುಖ ಇಳಿದುಹೋಯಿತು.

"ನಂಗೇನ್ ಗೊತ್ತು? ಬಂದಿದ್ದು ಹೇಳಿದೆ. ರೀ, ಹೇಗೂ ಡ್ಯೂಟಿ ಮುಗೀತು. ಹಿಂದೆ ನೆಲದ ಮೇಲೆ ಕೂತ್ಕೋತೀನಿ, ಮಳೆ ನಿಲ್ಲೋ ಹಾಗೆ ಕಾಣಲ್ಲ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮೊದ್ಲೇ ಇಪ್ಪತ್ತು ಜಾಸ್ತಿ ಇದೆ. ನೀನು ಹತ್ತಿದ್ರೆ ತಳ ರಸ್ತೆಗೆ ತಾಗುತ್ತೆ" ಎಂದು ಗಾಜು ಏರಿಸಿಕೊಂಡು ಹೋದ.

ಅವನು ಹೋದ ಮೇಲೆ ಅವಳ ಕಣ್ಣು ಬೋರ್ಡಿಗೆ ಬಿತ್ತು. ವೇಬ್ರಿಡ್ಜ್ ಖಾಲಿ, ಅಂಕಿ ಮಾತ್ರ ಇಪ್ಪತ್ತು. ಲಾರಿಯ ಕೆಸರು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಅವಳು ಸೊನ್ನೆ ಒತ್ತಲು ಮರೆತಿದ್ದಳು. ಅಂದರೆ ಕಾರು ಸರಿಯಾಗಿ ಏಳುನೂರ ನಲವತ್ತಕ್ಕೆ ಬಂದಿತ್ತು, ಅವನು ಗೆದ್ದಿದ್ದ. ಅವಳು ಫೋನ್ ಎತ್ತಿಕೊಂಡು ಅವನ ನಂಬರ್ ಹುಡುಕಿದಳು. ಮೈಯ ಸೀರೆ ಆಗಲೇ ತೊಪ್ಪೆಯಾಗಿತ್ತು, ಮಂಡಿ ಸಿಡಿಯುತ್ತಿತ್ತು. ಫೋನನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ನಾನೇನು ಸುಳ್ಳು ಹೇಳಲಿಲ್ಲವಲ್ಲ, ಗುಂಡಿ ಒತ್ತಲಿಲ್ಲ ಅಷ್ಟೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಮಳೆಯೂ ಬೇಕಾಗಲಿಲ್ಲ. ಗುಜರಿ ಗೋದಾಮಿನಲ್ಲಿ ಭಾರಕ್ಕೇನು ಬರಗಾಲವೇ? ಅವನು ಬರುವ ಹೊತ್ತಿಗೆ ಲಾರಿಯ ಹಳೇ ಬ್ಯಾಟರಿಯೊಂದು ವೇಬ್ರಿಡ್ಜಿನ ಮೂಲೆಯಲ್ಲಿ, ತಗಡಿನ ಮರೆಯಲ್ಲಿ ಕೂತಿರುತ್ತಿತ್ತು. ಅವನು ಇಳಿಸಿದಷ್ಟು ಅವಳು ಏರಿಸಿದಳು. ಏ.ಸಿ. ಕಿತ್ತು ಹಾಕಿ ಬೆವರು ಸುರಿಸುತ್ತ ಬಂದ; ಆಗ ಬ್ಯಾಟರಿ ಎರಡಾದವು, ಅಂಕಿ ಏಳುನೂರ ಅರವತ್ತು ಬಿಟ್ಟು ಕದಲಲಿಲ್ಲ.

"ನಿಮ್ಮ ಬ್ರಿಡ್ಜ್ ಕೆಟ್ಟಿದ್ಯಾ?" ಎಂದು ಒಮ್ಮೆ ಕೇಳಿದ.

"ಸರ್ಕಾರದ ಮೊಹರು ಹಾಕಿರೋ ಬ್ರಿಡ್ಜು. ನನ್ನ ತೊಂಬತ್ತು ಕರೆಕ್ಟಾಗೇ ತೋರಿಸ್ತಲ್ಲ, ಅವತ್ತು ಕೆಟ್ಟಿರ್ಲಿಲ್ವಾ?"

ಕಾರಿನಲ್ಲಿ ಕಳಚಲು ಬೇರೇನೂ ಉಳಿದಿರಲಿಲ್ಲ. ಉಳಿದವನು ಅವನೊಬ್ಬ.

ರಾತ್ರಿಯೂಟ ಬಿಟ್ಟ. ಆಮೇಲೆ ಬೆಳಗಿನ ತಿಂಡಿ ಬಿಟ್ಟ. ಮಧ್ಯಾಹ್ನ ಒಂದು ಬೇಯಿಸಿದ ಮೊಟ್ಟೆ, ಒಂದಷ್ಟು ಎಲೆ. ಅವಳು ಅವನೆದುರಿಗೇ ತಟ್ಟೆ ತುಂಬ ಬಡಿಸಿಕೊಂಡು, ನಿಧಾನವಾಗಿ, ಬೆರಳು ಚೀಪಿ ಉಂಡಳು. "ನಿಮಗೂ ಸ್ವಲ್ಪ ಹಾಕ್ಲಾ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ಅವನು ತಟ್ಟೆಯನ್ನು ನೋಡಿ ನೀರು ಕುಡಿದು ಎದ್ದು ಹೋಗುತ್ತಿದ್ದ. ಎರಡು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದ. ಕೆನ್ನೆ ಒಳಗೆ ಹೋಯಿತು, ಮಳಿಗೆಯಲ್ಲಿ ಪೆಟ್ಟಿಗೆ ಎತ್ತುವಾಗ ಎರಡು ಸಲ ತಲೆ ಸುತ್ತಿ ಬಿದ್ದ. ಸ್ಟೆಪ್ನಿ ಅನ್ನುವುದಕ್ಕೂ ಅವನಲ್ಲಿ ತ್ರಾಣ ಉಳಿಯಲಿಲ್ಲ. ಅವಳಿಗೆ ಅಯ್ಯೋ ಅನ್ನಿಸಿತೇ? ಇಲ್ಲ. ಖುಷಿಯಾಯಿತು. ಹಾಸಿಗೆಯಲ್ಲಿ ಮಗ್ಗುಲಾದಾಗ ಅವನ ಪಕ್ಕೆಲುಬು ಮೊಣಕೈಗೆ ತಾಕಿದರೆ ಅವಳಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಓಟದ ಹಿಂದಿನ ದಿನ, ಮಧ್ಯಾಹ್ನ, ಅವನು ಹೇಳದೆ ಕೇಳದೆ ಬಂದ. ಮೂಲೆಯಲ್ಲಿ ಬ್ಯಾಟರಿ ಇರಲಿಲ್ಲ. ಅಭ್ಯಾಸಬಲದಿಂದ ಅವಳು ಸೊನ್ನೆಯನ್ನೂ ಒತ್ತಿದ್ದಳು. ಕಾರಿನ ಎಡಗಡೆ ಅವಳ ಸೀಟು ಕೂತಿತ್ತು. ಅವನು ಇಳಿಯದೆ, ಕಿಟಕಿಯಿಂದಲೇ ಮೆಲ್ಲಗೆ ಮಾತಾಡಿದ.

"ನಿನ್ ಸೀಟ್ ವಾಪಸ್ ಹಾಕಿದೀನಿ. ಲೆಕ್ಕ ಕೂಡಲ್ಲ ಅಂತ ಗೊತ್ತು, ಆದ್ರೂ ನಾನಿಷ್ಟು ಇಳಿದಿದೀನಲ್ಲ, ಇವತ್ತು ಸೀಟ್ ಸಮೇತ ಏಳ್ನೂರ ನಲವತ್ತರೊಳಗೆ ಬಂದ್ರೂ ಬರಬಹುದು. ಬಂದ್ರೆ ಇದು ಇಲ್ಲೇ ಇರುತ್ತೆ ಕಣೇ, ನನ್ನಾಣೆ. ನಾಳೆ ಓಟ ನೋಡೋಕೆ ನೀನೂ ಬಾ, ಪಕ್ಕದಲ್ಲೇ ಕೂತ್ಕೊಂಡು. ಸೋಮವಾರದಿಂದ ದಿನಾ ನಾನೇ ಬಿಡ್ತೀನಿ. ಬರದೇ ಇದ್ರೆ..." ಸೀಟಿನ ಮೇಲೆ ಕೈಯಿಟ್ಟ. "ಬರದೇ ಇದ್ರೆ ಮತ್ತೆ ಬಿಚ್ಚಲೇಬೇಕು. ನೋಡಿ ಹೇಳು."

ಅವಳು ನೋಡಿದಳು. ಏಳುನೂರ ಇಪ್ಪತ್ತು.

ಸೀಟು, ಕಿಟಕಿ, ಚಾಚಿದ ಕಾಲು ಎಲ್ಲ ಆ ಅಂಕಿಯಲ್ಲಿದ್ದವು. ಒಂದು ಗುಂಡಿ ಒತ್ತಿದರೆ ಚೀಟಿ ಹೊರಗೆ ಬರುತ್ತಿತ್ತು, ಅವಳು ಕಾರಿನಲ್ಲಿ ಮನೆಗೆ ಹೋಗುತ್ತಿದ್ದಳು. ಜೊತೆಗೆ ಅವನ ಮುಖವೂ ಅರಳುತ್ತಿತ್ತು, ಟರ್ಬೊ ಅವನ ಬೆನ್ನು ತಟ್ಟುತ್ತಿದ್ದ, ಅವನು ಮತ್ತೆ ಹೊಟ್ಟೆ ತುಂಬ ಉಣ್ಣುತ್ತಿದ್ದ. ಅವಳಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಎದುರಿನವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗನ್ನೇ ಕೊಯ್ದುಕೊಂಡವರ ಕಥೆ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತಿತ್ತು. ಬೋರ್ಡಿನ ತಂತಿ ಕೆಟ್ಟ ದಿನಗಳಿಗೆಂದು ಆ ಯಂತ್ರದಲ್ಲಿ ತೂಕವನ್ನು ಕೈಯಾರೆ ಬರೆಯುವ ಒಂದು ಗುಂಡಿಯೂ ಇತ್ತು. ಅವನ ಕಣ್ಣು ಇನ್ನೂ ಸೀಟಿನ ಮೇಲಿದ್ದಾಗಲೇ ಅವಳು ಕೆಂಪು ಬೋರ್ಡು ಆರಿಸಿದಳು. ಒಂದೊಂದೇ ಅಂಕಿ ಒತ್ತಿದಳು. ಏಳು, ಆರು, ಸೊನ್ನೆ. ಹಿಂದೆ ಟೀ ಲೋಟ ಹಿಡಿದು ನಿಂತಿದ್ದ ಮೇಸ್ತ್ರಿ ಎಲ್ಲ ನೋಡಿದ. ಅವಳು ತಿರುಗಿ ಅವನನ್ನೇ ದಿಟ್ಟಿಸಿದಾಗ ಲೋಟದ ಸಮೇತ ಹೊರಗೆ ಹೋದ.

ಗಂಡ ಚೀಟಿಯನ್ನು ಎರಡು ಸಲ ಓದಿದ. ಸ್ಪ್ಯಾನರ್ ತೆಗೆದುಕೊಂಡು ಕಾರಿನ ಎಡ ಬಾಗಿಲಲ್ಲಿ ಮಂಡಿಯೂರಿದ. ಮೂರು ಬೋಲ್ಟು ಬಂದವು. ನಾಲ್ಕನೆಯದರ ಮೇಲೆ ಸ್ಪ್ಯಾನರ್ ಮತ್ತೆ ಮತ್ತೆ ಜಾರಿತು. ಎರಡು ಸಲ ಗೆಣ್ಣು ತರಚಿಕೊಂಡು, ಬಾಗಿಲಿಗೆ ಒರಗಿ ಏದುಸಿರು ಬಿಡುತ್ತ ಕೂತ.

ಅವಳು ಗೂಡಿನಿಂದ ಇಳಿದು ಬಂದಳು. "ಬಿಡಿ, ನಿಮ್ ಕೈಲಾಗಲ್ಲ" ಎಂದು ಸ್ಪ್ಯಾನರ್ ಕಸಿದುಕೊಂಡು ತನ್ನ ಸೀಟಿನ ಕೊನೆಯ ಬೋಲ್ಟನ್ನು ತಾನೇ ತಿರುಗಿಸಿದಳು. ಸೀಟನ್ನು ಎತ್ತಿ, ಕಬ್ಬಿಣದ ಹುಡಿಯ ಮೇಲೆ ಇಟ್ಟಳು.

ಅವನ ಕಣ್ಣು ತುಂಬಿ ಬಂತು. "ನಾನು ನಿನ್ನ ಎಷ್ಟೊಂದು ಅಂದೆ ಅವತ್ತೆಲ್ಲ. ಆದ್ರೂ ನೀನು... ನೀನೊಬ್ಳು ಇಲ್ದಿದ್ರೆ ನಂಗೆ ಯಾರಿದಾರೆ ಹೇಳು?"

ಅವಳು ಕೈ ಒರೆಸಿಕೊಂಡಳು.

"ಸೀಟಿನ ಹದಿನೈದು ಕಳೆದ್ರೂ ಐದು ಕೇಜಿ ಜಾಸ್ತೀನೇ ಇರುತ್ತೆ" ಅಂದಳು. "ಮಧ್ಯಾಹ್ನದ ಮೊಟ್ಟೆ ತಿಂದ್ರಾ, ಇನ್ನೂ ಇಲ್ವಾ? ತಿಂದಿಲ್ಲ ಅಂದ್ರೆ ಡಬ್ಬಿ ಇಲ್ಲಿ ಕೊಡಿ."