ರಾಯಚೂರಿನ ಮೇಲೊಂದು ಹಸಿರು ಚುಕ್ಕಿ

ನಾನು ಒಂದು ಬೆಟ್ಟದ ನೇರಳೆ ಮರ. ಹುಟ್ಟಿದ್ದು ಘಟ್ಟದ ನೆತ್ತಿಯಲ್ಲಿ, ಮಂಜು ನಿಲ್ಲುವ ಒಂದು ಕಣಿವೆಯಲ್ಲಿ. ಅಲ್ಲಿ ಬೇಸಿಗೆಯಲ್ಲೂ ನೆಲ ತೇವ. ನಮ್ಮವರಿರುವುದು ಅದೊಂದೇ ಕಡೆ.

ಸಸಿಯಾಗಿದ್ದಾಗಲೇ ಅಲ್ಲಿಂದ ನನ್ನನ್ನು ಕಿತ್ತು ತಂದವನು ಮೌನೇಶಪ್ಪ, ರಾಯಚೂರಿನ ಒಂದು ನರ್ಸರಿಯ ಮಾಲಿ. ಪ್ರವಾಸಕ್ಕೆ ಬಂದವನು ನನ್ನ ಕೆಂಪು ಚಿಗುರಿಗೆ ಮರುಳಾಗಿ, ಕಾವಲುಗಾರನ ಕಣ್ಣು ತಪ್ಪಿಸಿ, ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ನನ್ನನ್ನು ಒಂದು ಮಾತು ಕೇಳಿದನೇ? ಸಾಕಿದ್ದು ಮಾತ್ರ ಮಗಳ ಹಾಗೆ. ಎಳವೆಯಲ್ಲಿ ತಲೆಯ ಮೇಲೆ ಒದ್ದೆ ಗೋಣಿತಾಟು, ಆಮೇಲೆ ಬೆಳಿಗ್ಗೆ ಸಂಜೆ ಪೈಪಿನ ನೀರು. ಆ ಬಿಸಿಲಲ್ಲಿ ನಾನು ಬದುಕಲಿಲ್ಲ, ಅವನು ಬದುಕಿಸಿದ.

ನಾನು ಆಳೆತ್ತರ ಮೀರಿದ ಮೇಲೆ ನಿವೇದಿತಾ ಎಂಬ ಸಂಶೋಧಕಿ ಬಂದಳು. ಯಾವ ಮರ ಎಲ್ಲೆಲ್ಲಿದೆ, ಅಲ್ಲಿನ ಬಿಸಿಲೆಷ್ಟು, ಮಳೆಯೆಷ್ಟು ಎಂದು ಹೇಳಿದರೆ, ಭೂಮಿ ಇನ್ನಷ್ಟು ಕಾದ ಮೇಲೆ ಅದು ಎಲ್ಲಿ ಉಳಿಯುತ್ತದೆಂದು ಅವಳ ಕಂಪ್ಯೂಟರು ನಕ್ಷೆ ಬರೆದು ಕೊಡುತ್ತದಂತೆ. ನನ್ನನ್ನು ಇಲ್ಲಿ ಕಂಡು ಅವಳಿಗೆ ಅಚ್ಚರಿ. ಯಾರು ನೆಟ್ಟರೆಂದು ಕೇಳಿದಳು. ಕಾಡಿನ ಗಿಡ ಕದ್ದದ್ದು ಗೊತ್ತಾದರೆ ಕೆಲಸ ಹೋಗುತ್ತದೆಂದು ಮೌನೇಶಪ್ಪನ ಜೀವ ಪುಕಪುಕ ಎಂದಿತು.

“ಯಾರೂ ಹಚ್ಚಿಲ್ರಿ ಮೇಡಂ. ಹಕ್ಕಿ ಹಾಕಿದ ಬೀಜ, ತಾನ ಹುಟ್ಟೈತಿ.”

ಅವಳು ನಂಬಿಬಿಟ್ಟಳು! ನನ್ನ ಬುಡದಲ್ಲೇ ಪೈಪು ಬಿದ್ದಿತ್ತು. ಅದನ್ನು ಎಡವಿಕೊಂಡೇ ಬಂದಳು, ದಾಟಿಕೊಂಡೇ ಹೋದಳು. ಇಷ್ಟು ಓದಿದವಳಿಗೆ ಪೈಪು ಕಾಣಬಾರದೇ? ನಕ್ಷೆಯಲ್ಲಿ ರಾಯಚೂರಿನ ಮೇಲೊಂದು ಹಸಿರು ಚುಕ್ಕಿ ಬಿತ್ತು. ಬೆಟ್ಟದ ನೇರಳೆ ಎಂಥ ಸೆಕೆಯನ್ನೂ ತಡೆಯುತ್ತದೆ, ಅದಕ್ಕೆ ಕಾವಲು ಬೇಕಿಲ್ಲ ಎಂದು ತೀರ್ಮಾನವಾಯಿತು. ಸರ್ಕಾರದವರು ನಮ್ಮ ಕಣಿವೆಯನ್ನು ರೆಸಾರ್ಟಿನ ರಸ್ತೆಗೆ ಬಿಟ್ಟುಕೊಟ್ಟರು.

ಅರ್ಧ ಕಣಿವೆ ಈಗಾಗಲೇ ಹೋಗಿದೆ. ಉಳಿದರ್ಧವನ್ನು ಮಳೆಗಾಲ ಕಳೆದ ಮೇಲೆ ಕಡಿಯುತ್ತಾರಂತೆ. ಮೊನ್ನೆ ನನ್ನ ಫೋಟೊ ತೆಗೆಯಲು ಬಂದ ನಿವೇದಿತಾಳೇ ಹೇಳಿದಳು. ಜೂನಿನಲ್ಲಿ ಮತ್ತೆ ಬರುತ್ತೇನೆ, ಮರ ಒಣಗಿದ್ದರೆ ಲೆಕ್ಕ ಬದಲಿಸಿ ಕಡಿಯುವುದನ್ನು ನಿಲ್ಲಿಸಬೇಕಾಗುತ್ತದೆ ಎಂದಳು. ಮೌನೇಶಪ್ಪ ತಲೆ ತಗ್ಗಿಸಿ ನಿಂತಿದ್ದ. ಈಗಲಾದರೂ ಬಾಯಿ ಬಿಡುತ್ತಾನೆಂದುಕೊಂಡೆ. ಅವನು ಪೈಪು ಎತ್ತಿಕೊಂಡು ನಲ್ಲಿಯತ್ತ ನಡೆದ.

ನಾನು ಬದುಕಿದ್ದು ಸಾಕು. ನಿವೃತ್ತನಾದರೂ ಅವನು ನೀರು ತಪ್ಪಿಸುವುದಿಲ್ಲ. ಮಾತು ಬಾರದ ನನಗೆ ಒಣಗಿ ತೋರಿಸುವುದೊಂದೇ ದಾರಿ. ಈ ಒಂದು ಬೇಸಿಗೆ ಅವನು ಪೈಪು ಮುಟ್ಟದಿದ್ದರೆ ನಮ್ಮವರು ಉಳಿದಾರು.

ನಿನ್ನೆ ಬಿಸಿಲಿಗೆ ನನ್ನ ಎಲೆ ಮುರುಟಿದವು. ಅವನು ಗಾಬರಿಯಿಂದ ಓಡಿಬಂದ. “ನೀ ಹೋದ್ರ ನಾ ಹೆಂಗ ಇರ್ಲಿ, ನನ್ನವ್ವ” ಎನ್ನುತ್ತ ಬುಡದ ಪಾತಿ ತುಂಬ ನೀರು ಬಿಟ್ಟ.

ಬೇಡವೆಂದು ಎಷ್ಟು ಗಟ್ಟಿ ಹಿಡಿದರೂ ನನ್ನ ಬೇರುಗಳು ಕುಡಿದುಬಿಟ್ಟವು.