ಕೊನೆಯ ಸಾಲಿನ ಒಟ್ಟು

ಮತ್ತೆ ಖಾಲಿ ಚೌಕ, ಭಾಗಾಕಾರದ ಚಿಹ್ನೆ ಇರಬೇಕಾದ ಕಡೆಯಲ್ಲೆಲ್ಲ ಖಾಲಿ ಚೌಕ, ಈಗಷ್ಟೇ ಸರಿಯಾಗಿತ್ತು, ಅಡ್ಡಗೆರೆ, ಮೇಲೊಂದು ಚುಕ್ಕಿ, ಕೆಳಗೊಂದು ಚುಕ್ಕಿ, ಅಕ್ಷರ ಚೆಂದ ಕಾಣಲಿ ಅಂತ ಇಡೀ ಪುಟಕ್ಕೆ ಒಂದೇ ಫಾಂಟ್ ಹಾಕಿದ್ದೇ ತಪ್ಪಾಯಿತು, ಇನ್ನು ಒಂದೊಂದನ್ನೇ ತುಂಬಬೇಕು — ಇನ್ಸರ್ಟ್, ಸಿಂಬಲ್, ಹುಡುಕು, ಒತ್ತು, ಮುಂದಿನ ಲೆಕ್ಕ, ಮತ್ತೆ ಇನ್ಸರ್ಟ್, ಮತ್ತೆ ಸಿಂಬಲ್, ಎಂತೆಂಥದೋ ಬಾಣ, ನಕ್ಷತ್ರ, ಇಸ್ಪೀಟಿನ ಹಾರ್ಟು ಕೂಡ ಇದೆ, ಮೂರನೇ ಕ್ಲಾಸಿನ ಮಕ್ಕಳಿಗೆ ಬೇಕಾದದ್ದು ಮಾತ್ರ ಮೂಲೆಯಲ್ಲಿ ಅಡಗಿ ಕೂತಿದೆ, ಸಂಜೆ ಕ್ಲಾಸಿನಲ್ಲಿ ಇದನ್ನು ಹೇಳಿಕೊಟ್ಟ ದಿನ ನಾನು ತೂಕಡಿಸಿದ್ದೆನೋ ಏನೋ, ಹಗಲೆಲ್ಲ ಇದೇ ಶಾಲೆಯ ಮೆಟ್ಟಿಲು ಒರೆಸಿ ಹೋಗಿ ಕೂತವಳಿಗೆ ನಿದ್ದೆ ಬರದೆ ಇನ್ನೇನು, ಮನೆಗೆ ಬಂದರೆ ನಾದಿನಿ, ಬಂದ್ರು ನೋಡಿ ಕಂಪ್ಯೂಟರ್ ಮೇಡಂ, ಅಡುಗೆ ಆಗೋಕೆ ಯಾವ ಬಟನ್ ಒತ್ಬೇಕು ಅತ್ತಿಗೆ, ನನಗೂ ನಗು ಬಂತು, ಗೊತ್ತಿದ್ದರೆ ಹೇಳುತ್ತಿದ್ದೆ. ಟೈಪಿಸ್ಟ್ ಬಿಟ್ಟುಹೋದ ಕುರ್ಚಿ ಇದು, ಈ ಒಂದು ಪ್ರಶ್ನೆಪತ್ರಿಕೆ ತಪ್ಪಿಲ್ದೆ ಮಾಡಿಕೊಡು, ಕುರ್ಚಿ ನಿಂದೇ, ಇಲ್ಲಾಂದ್ರೆ ಪೊರಕೆ ಇದ್ದೇ ಇದೆಯಲ್ಲ, ಹೆಡ್ ಮೇಡಂ ನಗುತ್ತಲೇ ಅಂದರು, ನಗುತ್ತ ಅಂದದ್ದೇ ಹೆಚ್ಚು ಚುಚ್ಚುತ್ತದೆ.

ಆಯ್ತು, ಚೌಕಗಳೆಲ್ಲ ಹೋದವು, ಇನ್ನು ಅಂಕಗಳ ಪಟ್ಟಿ, ಕೆಳಗೆ ಒಟ್ಟು ಐವತ್ತು, ಅದನ್ನು ಕಂಪ್ಯೂಟರೇ ಕೂಡಿದ್ದು, ಸೂತ್ರ ಹಾಕಿ ನಾನೇ ಕೂಡಿಸಿದ್ದು, ಆಮೇಲೆ ಗಣಿತದ ಮೇಷ್ಟ್ರು ಬಗ್ಗಿ ನೋಡಿ, ಕೊನೇ ಲೆಕ್ಕಕ್ಕೆ ಐದು ಅಂಕ ಜಾಸ್ತಿ ಆಯ್ತಮ್ಮ, ಮೂರು ಮಾಡು ಅಂದರು, ಮಾಡಿದೆ, ಐವತ್ತು ಮಾತ್ರ ಕಲ್ಲಿನ ಹಾಗೆ ಅಲ್ಲೇ ಇದೆ — ಹೆಬ್ಬೆರಳು ತಾನಾಗಿ ಓಡುತ್ತದೆ, ಹತ್ತು, ಇಪ್ಪತ್ತು, ಮೂವತ್ತೈದು, ನಲವತ್ತೈದು, ಆಮೇಲೆ ಕಿರುಬೆರಳಿನ ಮೂರು ಗೆಣ್ಣು, ನಲವತ್ತೆಂಟು, ಇನ್ನೊಮ್ಮೆ, ಅದೇ ಗೆಣ್ಣಿಗೆ ಬಂದು ನಿಲ್ಲುತ್ತದೆ, ನಲವತ್ತೆಂಟು, ಹಾಗಿದ್ದರೆ ಪರದೆ ಸುಳ್ಳು ಹೇಳುತ್ತಿದೆಯೇ, ಯಂತ್ರ ತಪ್ಪಲ್ಲ ಕಣಮ್ಮ, ತಪ್ಪೋದು ಮನುಷ್ಯರು, ಸಂಜೆ ಕ್ಲಾಸಿನ ಸರ್ ಅನ್ನುತ್ತಿದ್ದರು, ನಾನೋ, ಹಾಲ್‌ನ ಕುರ್ಚಿ ಎಣಿಸಿದರೂ ಸಲಕ್ಕೊಂದು ಸಂಖ್ಯೆ ಹೇಳುವವಳು, ಮೇಷ್ಟ್ರನ್ನೇ ಕೇಳಲೇ, ಕೇಳಿದರೆ ಕೂಡೋದೂ ಬರಲ್ವಾ ಅಂತಾರೆ, ಕೇಳದಿದ್ದರೆ — ಆಯ್ತೇನಮ್ಮಾ, ಹೊತ್ತಾಯ್ತು, ಬಾಗಿಲಲ್ಲಿ ಮೇಷ್ಟ್ರು, ಆಯ್ತು ಸರ್, ನನ್ನ ಬಾಯಿ ಹೇಳಿಬಿಟ್ಟಿತು, ಪ್ರಿಂಟ್ ಒತ್ತಿಯೂ ಆಯಿತು, ಹಾಳೆ ತೆವಳುತ್ತ ಬರುತ್ತಿದೆ, ಚಿಹ್ನೆಗಳು ಚುಕ್ಕಿ ಸಮೇತ ಸರಿ, ಪಟ್ಟಿ ಸರಿ, ಒಟ್ಟು — ನಲವತ್ತೆಂಟು, ಈಗ, ಕಾಗದದ ಮೇಲೆ, ಅಚ್ಚಾಗುವ ಹೊತ್ತಿಗೆ ಕಂಪ್ಯೂಟರಿಗೆ ಬುದ್ಧಿ ಬಂದು ಹೊಸದಾಗಿ ಕೂಡಿಕೊಂಡಿದೆ, ಮೇಷ್ಟ್ರು ಹಾಳೆ ಎತ್ತಿಕೊಂಡರು, ಏನಮ್ಮಾ ಇದು, ಐವತ್ತರ ಪೇಪರ್ ನಲವತ್ತೆಂಟು ಮಾಡಿಟ್ಟಿದ್ದೀಯ, ಎಣಿಸೋಕೂ ಬರಲ್ವಾ, ಒಳಕೋಣೆಯಲ್ಲಿ ಹೆಡ್ ಮೇಡಂ ಕತ್ತೆತ್ತುತ್ತಾರೆ, ಹೇಳಬೇಕು, ಮೂರು ಮಾಡು ಅಂದದ್ದು ನೀವೇ ಅಂತ, ನನಗೆ ಗೊತ್ತಿತ್ತು ಅಂತ — ಗೊತ್ತಿದ್ರೆ ಯಾಕೆ ಸುಮ್ನಿದ್ದೆ ಅಂದರೆ — ಮೇಜಿನ ಕೆಳಗೆ ಹೆಬ್ಬೆರಳು, ಕಿರುಬೆರಳಿನ ಅದೇ ಗೆಣ್ಣು, ಒತ್ತಿ ಒತ್ತಿ ಬಿಳಿಚಿದ ಗೆಣ್ಣು